ಆಕ್ಸಿಜನ್ ಮಷಿನ್‌ಗೆ ಒಂದು ಕಾರು

2023ರ ನವೆಂಬರ್. ಚಾಮರಾಜನಗರದ ಹೊರವಲಯದಲ್ಲಿ ಅರಿಸಿನ ಮತ್ತು ಚೆಂಡುಹೂವಿನಿಂದ ಸಾರ ತೆಗೆಯುವ ಕಾರ್ಖಾನೆಯೊಂದರಲ್ಲಿ ನಾನು ಎಚ್.ಆರ್. ಎಕ್ಸಿಕ್ಯುಟಿವ್ ಆಗಿ ಸೇರಿ ಮೂರು ವರ್ಷವಾಗಿತ್ತು. ಹಾಜರಾತಿ, ರಜೆ, ಪಿ.ಎಫ್., ವಿಮೆ ನನ್ನ ದಿನದ ಕೆಲಸ. ಆ ವರ್ಷ ಅದಕ್ಕೆ ಹೊಸದೊಂದು ಸೇರಿತು: ಎಲೆಕ್ಟ್ರಿಕ್ ಕಾರ್ ಲೀಸ್.

ಲೀಸ್ ಎಂದರೆ ಏನೆಂದು ನಮ್ಮ ಕಾರ್ಖಾನೆಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾರನ್ನು ಕೊಳ್ಳುವುದು ಒಂದು ಲೀಸಿಂಗ್ ಕಂಪನಿ. ಅದನ್ನು ನಮ್ಮ ಕಾರ್ಖಾನೆ ಬಾಡಿಗೆಗೆ ಪಡೆದು ಅಧಿಕಾರಿಗೆ ಕೊಡುತ್ತದೆ. ಬಾಡಿಗೆ ಅಧಿಕಾರಿಯ ಸಂಬಳದಿಂದ, ತೆರಿಗೆ ಲೆಕ್ಕ ಹಾಕುವ ಮೊದಲೇ ಕಡಿತವಾಗುತ್ತದೆ. ವಿಮೆ, ಸರ್ವೀಸು ಅದರಲ್ಲೇ ಸೇರಿರುತ್ತವೆ. ಅವಧಿ ನಲವತ್ತೆಂಟು ತಿಂಗಳು. ಅದು ಮುಗಿದ ಮೇಲೆ ಕಾರನ್ನು ವಾಪಸ್ ಕೊಡಬೇಕು, ಇಲ್ಲವೆ ಆಗಿನ ಬೆಲೆ ಕೊಟ್ಟು ಇಟ್ಟುಕೊಳ್ಳಬೇಕು. ಅಲ್ಲಿಯವರೆಗೆ ಆರ್.ಸಿ. ಲೀಸಿಂಗ್ ಕಂಪನಿಯ ಹೆಸರಿನಲ್ಲೇ ಇರುತ್ತದೆ. ಅರ್ಜಿ ಹಾಕಿದವರಿಗೆಲ್ಲ ಈ ಕೊನೆಯ ಮಾತನ್ನು ನಾನು ತಪ್ಪದೆ ಹೇಳುತ್ತಿದ್ದೆ: "ಓಡಿಸೋದು ನೀವು, ಆದರೆ ಗಾಡಿ ನಿಮ್ಮದಲ್ಲ."

ನಮ್ಮಲ್ಲಿ ಪ್ರೀಮಿಯಂ ದರ್ಜೆಯ ಕಾರಿಗೆ ಅರ್ಹತೆ ಇದ್ದವರು ನಾಲ್ಕೇ ಜನ. ಮೊದಲು ಬಂದವರು ಖರೀದಿ ವಿಭಾಗದ ಮುಖ್ಯಸ್ಥ ಮಹದೇವಸ್ವಾಮಿ ಸರ್. ತೆರಕಣಾಂಬಿಯ ರೈತರ ಮನೆಯವರು. ಗುಂಡ್ಲುಪೇಟೆಯಲ್ಲಿ ಮನೆ ಮಾಡಿಕೊಂಡಿದ್ದರು. ಚೆಂಡುಹೂವಿನ ಹೊಲಗಳನ್ನು ಸುತ್ತುವುದೇ ಅವರ ಕೆಲಸವಾದ್ದರಿಂದ ಇಪ್ಪತ್ತು ವರ್ಷ ಡೀಸೆಲ್ ಜೀಪಿನಲ್ಲೇ ಕಳೆದಿದ್ದರು. ಅಂಥವರು ಎಲೆಕ್ಟ್ರಿಕ್ ಕಾರು ಕೇಳಿದರೆಂದು ಅಕೌಂಟ್ಸ್ ವಿಭಾಗದಲ್ಲಿ ಎರಡು ದಿನ ಅದೇ ಮಾತು. "ಸಾಹೇಬ್ರು ಮತ್ತೆ ವಯಸ್ಸಿಗೆ ಬಂದಂಗದೆ" ಎಂದು ನಕ್ಕರು.

ನಾನು ಮೂರು ಮಾದರಿಗಳನ್ನು ಹೋಲಿಸಿ ಒಂದು ಪಟ್ಟಿ ಮಾಡಿದೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ, ಬ್ಯಾಟರಿಯ ವಾರಂಟಿ, ತಿಂಗಳ ಕಡಿತ, ನೆಲದಿಂದ ಎಷ್ಟು ಎತ್ತರ, ಏರ್‌ಬ್ಯಾಗ್, ಸರ್ವೀಸ್ ಸೆಂಟರ್ ಎಷ್ಟು ದೂರ, ಹೀಗೆ ಹದಿನಾಲ್ಕು ಕಾಲಂ. ಸರ್ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ನೋಡಿದರು.

"ಏನಮ್ಮ ಸವಿತಾ, ಒಳ್ಳೆ ಜಾತಕ ಬರ್ದಂಗೆ ಬರ್ದಿದ್ದೀಯಲ್ಲ! ಇದ್ರಲ್ಲಿ ಪ್ಲಗ್ ಯಾವ್ದಕ್ಕದೆ?"

ಚಾರ್ಜಿಂಗ್ ಪ್ಲಗ್ ಇರಬೇಕೆಂದುಕೊಂಡು ನಾನು ಮೂರಕ್ಕೂ ಇದೆ ಎಂದೆ.

"ಅದಲ್ಲ. ಗಾಡಿಯೊಳ್ಗೆ. ಮನೇಲಿ ಮಿಕ್ಸಿಗೆ ಹಾಕ್ತೀವಲ್ಲ, ಅಂಥದ್ದು."

ಆಗ ವಿಷಯ ತಿಳಿಯಿತು. ಅವರ ಹೆಂಡತಿ ಗೌರಮ್ಮನವರಿಗೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಎರಡು ವರ್ಷದಿಂದ ಆಕ್ಸಿಜನ್ ಕಾನ್ಸಂಟ್ರೇಟರ್ ಜೊತೆಗೇ ಇದ್ದರು. ಇದು ಸಿಲಿಂಡರ್ ಅಲ್ಲ. ಕೋಣೆಯ ಗಾಳಿಯಿಂದಲೇ ಆಮ್ಲಜನಕವನ್ನು ಬೇರೆ ಮಾಡಿ ಕೊಡುವ ಯಂತ್ರ. ಕರೆಂಟ್ ಇರುವವರೆಗೆ ಓಡುತ್ತದೆ. ಕರೆಂಟ್ ಹೋದರೆ ಯು.ಪಿ.ಎಸ್. ಮೇಲೆ ಒಂದೆರಡು ಗಂಟೆ, ಆಮೇಲೆ ಸಿಲಿಂಡರ್. ಮೈಸೂರಿನ ಆಸ್ಪತ್ರೆಗೆ ಹೋಗಿಬರುವ ದಿನ ಜೀಪಿನಲ್ಲಿ ಸಿಲಿಂಡರ್ ಇಟ್ಟುಕೊಂಡು ಹೋಗುತ್ತಿದ್ದರು. ಡೀಸೆಲ್ ವಾಸನೆಗೆ ಕೆಮ್ಮು ಹಿಡಿದರೆ ನಂಜನಗೂಡು ದಾಟುವವರೆಗೂ ಬಿಡುತ್ತಿರಲಿಲ್ಲವಂತೆ.

ಕೆಲವು ದುಬಾರಿ ಎಲೆಕ್ಟ್ರಿಕ್ ಕಾರುಗಳಲ್ಲಿ 'ವೆಹಿಕಲ್ ಟು ಲೋಡ್' ಎಂಬ ಸೌಲಭ್ಯವಿದೆ. ಕಾರಿನ ದೊಡ್ಡ ಬ್ಯಾಟರಿಯಿಂದಲೇ ಮನೆಯ ಸಾಮಾನುಗಳಿಗೆ ಕರೆಂಟ್ ಕೊಡಬಹುದು. ನಾನು ಹೋಲಿಸಿದ ಮೂರರಲ್ಲಿ ಒಂದರಲ್ಲಿ ಮಾತ್ರ, ಹಿಂದಿನ ಸೀಟಿನ ಕೆಳಗೆ, ಅಂಥ ಸಾಕೆಟ್ ಇತ್ತು. ಹೆಸರಿಗೆ ದೊಡ್ಡದಾದ ಮಾದರಿಯಲ್ಲಿ ಇರಲಿಲ್ಲ.

ಡಿಸೆಂಬರ್ ಮೊದಲ ಶನಿವಾರ ಮೈಸೂರಿನ ಷೋರೂಮಿಗೆ ಹೋದೆವು. ಲೀಸ್ ಕೊಟೇಶನ್ ಪಡೆಯಲು ನಾನೂ ಹೋಗಬೇಕಿತ್ತು. ಗೌರಮ್ಮನವರನ್ನು ನಾನು ನೋಡಿದ್ದು ಅಂದೇ ಮೊದಲು. ಹಸಿರು ರೇಷ್ಮೆ ಸೀರೆ, ಹಣೆಗೆ ವಿಭೂತಿ, ಮೂಗಿಗೆ ಸಿಲಿಂಡರಿನ ಪೈಪು. ಸೇಲ್ಸ್‌ನ ಹುಡುಗ ಕಾರಿನ ಸುತ್ತ ಓಡಾಡುತ್ತ ವೇಗ, ಗಾಜಿನ ಚಾವಣಿ ಎಲ್ಲ ವಿವರಿಸಿ, ಒಳಗೆ ಅರವತ್ತನಾಲ್ಕು ಬಣ್ಣದ ದೀಪ ಬರುತ್ತದೆ ಎಂದ.

"ಅಷ್ಟು ಲೈಟ್ ಹಾಕ್ಕಂಡು ನಾನೇನು ಡ್ಯಾನ್ಸ್ ಮಾಡ್ಬೇಕಾ ಮಗಾ?" ಎಂದರು ಗೌರಮ್ಮ. ಹೇಳಿ ತಾವೇ ನಕ್ಕರು. ನಗು ಮುಗಿಸಲು ಉಸಿರು ಸಾಲಲಿಲ್ಲ. ಕುರ್ಚಿ ಹಿಡಿದುಕೊಂಡು ನಿಂತರು.

ಅಷ್ಟರಲ್ಲಿ ಸರ್ ಜೀಪಿನಿಂದ ಕಾನ್ಸಂಟ್ರೇಟರನ್ನು ಇಳಿಸಿ ಉರುಳಿಸಿಕೊಂಡು ಬಂದರು. ಹುಡುಗ ಗಾಬರಿಯಾದ. ಡೆಮೊ ಕಾರಿಗೆ ಹೊರಗಿನ ಮಷಿನ್ ಹಾಕಲು ಮ್ಯಾನೇಜರ್ ಒಪ್ಪಬೇಕು ಎಂದ. ಮ್ಯಾನೇಜರ್ ಬಂದರು. ಸರ್ ಗಟ್ಟಿಯಾಗಿ ಮಾತಾಡಲಿಲ್ಲ. "ನೋಡಿ ಸ್ವಾಮಿ, ಎತ್ತು ತಗೊಳ್ವಾಗ ನೊಗ ಕಟ್ಟಿ ನೋಡಲ್ವಾ? ಇದೂ ಹಂಗೇ" ಎಂದರಷ್ಟೆ. ಮ್ಯಾನೇಜರ್ ತಾವೇ ಪ್ಲಗ್ ಹಾಕಿಕೊಟ್ಟರು.

ಮಷಿನ್ ಓಡಿತು. ಗೌರಮ್ಮನವರು ಹಿಂದಿನ ಸೀಟಿನಲ್ಲಿ ಒರಗಿದರು. ಪಕ್ಕದಲ್ಲಿ ಸರ್ ಕೂತರು. ಟೆಸ್ಟ್ ಡ್ರೈವ್ ಎಂದು ಹುಡುಗ ಅವರನ್ನು ರಿಂಗ್ ರೋಡಿನಲ್ಲಿ ಸುತ್ತಿಸಿಕೊಂಡು ಬಂದ. ನಾನು ಮುಂದಿನ ಸೀಟಿನಲ್ಲಿದ್ದೆ. ಕಾರಿನ ಸದ್ದೇ ಇರಲಿಲ್ಲ. ಕೇಳುತ್ತಿದ್ದುದು ಮಷಿನ್ ಉಸಿರು ಬಿಡುವ ಶಬ್ದ ಒಂದೇ. ವಾಪಸ್ ಬಂದಾಗ ಗೌರಮ್ಮನವರಿಗೆ ನಿದ್ದೆ ಬಂದಿತ್ತು. ಸರ್ ಬಾಗಿಲು ತೆಗೆಯಬೇಡಿ ಎಂದು ಕೈಸನ್ನೆ ಮಾಡಿದರು. ಅವರಾಗಿ ಏಳುವವರೆಗೆ ನಾವು ಕಾದೆವು. ಬಣ್ಣ ಆರಿಸಿದ್ದೂ ಗೌರಮ್ಮನವರೇ. ಹುಡುಗ ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರು ಹೇಳಿದ. "ವಿಭೂತಿ ಬಣ್ಣ ಅನ್ನಪ್ಪ, ಸಾಕು" ಎಂದರು.

ಮಂಜೂರಾತಿ ಅಷ್ಟು ಸುಲಭವಾಗಲಿಲ್ಲ. ಎಲ್ಲರೂ ಆರಿಸುವ ಮಾದರಿ ಬಿಟ್ಟು ಇದೇ ಏಕೆ ಎಂದು ಕೇಂದ್ರ ಕಚೇರಿ ಕೇಳಿತು. ವೈದ್ಯಕೀಯ ಉಪಕರಣಕ್ಕೆ ಆ ಸಾಕೆಟ್ ಬಳಸುವುದಾದರೆ ತಯಾರಕರ ಒಪ್ಪಿಗೆ ಬೇಕೆಂದು ಲೀಸಿಂಗ್ ಕಂಪನಿ ಪಟ್ಟು ಹಿಡಿಯಿತು. ನಾನು ಮಷಿನ್ ಎಷ್ಟು ವಾಟ್ ಎಳೆಯುತ್ತದೆ, ಸಾಕೆಟ್ ಎಷ್ಟು ತಡೆಯುತ್ತದೆ ಎಂದು ಬರೆದು, ಫೋನ್ ಮಾಡಿ, ಮತ್ತೆ ಬರೆದು, ಒಪ್ಪಿಗೆ ತರಿಸಿದೆ. ಗುಂಡ್ಲುಪೇಟೆಯ ಮನೆಯಲ್ಲಿ ಚಾರ್ಜಿಂಗ್ ಪಾಯಿಂಟಿಗೆ ಬೇರೆ ಮೀಟರ್ ಆಗಬೇಕಾಯಿತು. ಕೊನೆಗೆ 2024ರ ಜನವರಿ 29, ಸೋಮವಾರ, ಹಸಿರು ನಂಬರ್ ಪ್ಲೇಟಿನ ವಿಭೂತಿ ಬಣ್ಣದ ಕಾರು ಅವರ ಮನೆ ಮುಂದೆ ಬಂದು ನಿಂತಿತು.

ಚಾರ್ಜರ್ ಅಳವಡಿಸಿದ್ದನ್ನು ನೋಡಿ ವರದಿ ಕೊಡಲು ಮಾರನೆಯ ವಾರ ಹೋದೆ. ಕಾರು ಅಂಗಳದಲ್ಲಿ, ಹೊಂಗೆಮರದ ನೆರಳಲ್ಲಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಗೌರಮ್ಮನವರು ಒಳಗೆ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು, ಅವರೆಕಾಯಿ ಸುಲಿಯುತ್ತಿದ್ದರು. ಮನೆಯಲ್ಲಿ ಕರೆಂಟ್ ಇತ್ತು, ಆದರೂ ಮಷಿನ್ ಕಾರಿನ ಸಾಕೆಟ್‌ನಲ್ಲೇ ಓಡುತ್ತಿತ್ತು.

"ಇಲ್ಲೇ ವಾಸಿ ಕಣಮ್ಮಿ. ಒಳ್ಗಡೆ ಗೋಡೆ ನೋಡ್ಕಂಡು ಕೂರ್ಬೇಕು. ಇಲ್ಲಾದ್ರೆ ದಾರೀಲಿ ಓಗೋರು ಬರೋರು ಮಾತಾಡುಸ್ತಾರೆ" ಎಂದರು. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವಂತೆ, "ಭಾನುವಾರ ಉಮ್ಮತ್ತೂರಿಗೆ ಓಗಿದ್ದೆ" ಎಂದರು.

ಉಮ್ಮತ್ತೂರು ಅವರ ತವರು. ಎರಡು ವರ್ಷದಿಂದ ಹೋಗಿರಲಿಲ್ಲ. ಮೆಟ್ಟಿಲು ಹತ್ತಲು ಆಗುವುದಿಲ್ಲವೆಂದು ಅಣ್ಣನ ಮನೆ ಬಾಗಿಲಿಗೇ ಕಾರು ನಿಲ್ಲಿಸಿದ್ದರಂತೆ. ಇಡೀ ಬೀದಿಯವರು ಕಾರಿನ ಹತ್ತಿರವೇ ಬಂದು ಮಾತಾಡಿಸಿದ್ದರು. "ದೇವ್ರ ಉತ್ಸವ ನಿಂತಂಗೆ ನಿಂತಿತ್ತು ನಮ್ಮ ಗಾಡಿ. ಒಬ್ಳು ಬಂದು ಮಂಗಳಾರತಿ ಮಾಡೋದೊಂದು ಬಾಕಿ." ಈ ಸಲ ನಗುವನ್ನು ಪೂರ್ತಿ ಮುಗಿಸಿದರು. ನನ್ನ ಟಿಫಿನ್ ಡಬ್ಬಿಗೆ ಒಂದು ಬೊಗಸೆ ಅವರೆಕಾಳು ಹಾಕಿ ಕಳಿಸಿದರು.

ಏಪ್ರಿಲ್‌ನಲ್ಲಿ ಮೈಸೂರಿನ ವೈದ್ಯರು, ಇನ್ನು ಇಷ್ಟು ದೂರ ಕರೆತಂದು ಅವರನ್ನು ದಣಿಸಬೇಡಿ ಎಂದರು. ಐ.ಸಿ.ಯು.ಗೆ ಸೇರಿಸುವುದು ಬೇಡವೆಂದು ಗೌರಮ್ಮನವರೇ ಹೇಳಿಬಿಟ್ಟಿದ್ದರು. ಸರ್ ರಜೆ ಅರ್ಜಿಯಲ್ಲಿ ಕಾರಣ ಬರೆಯದೆ ಖಾಲಿ ಬಿಟ್ಟಿದ್ದರು. ನಾನು ಹಾಗೆಯೇ ಮಂಜೂರಾತಿಗೆ ಕಳಿಸಿದೆ.

ಮೇ ತಿಂಗಳ ಮೂರನೆಯ ವಾರ ಮಳೆಗಾಳಿ ಬಂತು. ಗುಂಡ್ಲುಪೇಟೆ ಸುತ್ತ ಮರಗಳು ಬಿದ್ದು ಕಂಬಗಳು ಮುರಿದವು. ಸರ್ ಅವರ ಬೀದಿಯಲ್ಲಿ ಶನಿವಾರ ಸಂಜೆ ಹೋದ ಕರೆಂಟ್ ಸೋಮವಾರವೂ ಬಂದಿರಲಿಲ್ಲ. ಕಾರಿನಿಂದ ವಯರು ಎಳೆದು ಮನೆಯೊಳಗೆ ಮಷಿನ್ ಓಡಿಸುತ್ತೇನೆಂದು ಸರ್ ಹೇಳಿದರೂ ಗೌರಮ್ಮನವರು ಕೇಳಲಿಲ್ಲ. ಕಾರಿನಲ್ಲೇ ಇರುತ್ತೇನೆ ಎಂದರಂತೆ. ಭಾನುವಾರ ಪೂರ್ತಿ ಅಲ್ಲೇ ಇದ್ದರು. ಗಂಜಿ ಕುಡಿದರು. ಮಳೆ ನಿಂತ ಮೇಲೆ ಗಾಜು ಇಳಿಸಿಕೊಂಡು, ಮುರಿದ ಹೊಂಗೆ ಕೊಂಬೆಯನ್ನು ನೋಡಿ, ಅದರ ಬೀಜ ಆರಿಸಿಡಿ ಎಂದರು. ಸೋಮವಾರ ಬೆಳಿಗ್ಗೆ ಸರ್ ಕಾಫಿ ತಂದು ಬಾಗಿಲು ತೆಗೆದಾಗ ಉಸಿರು ನಿಂತಿತ್ತು.

"ಮಷಿನ್ ಓಡ್ತಾನೇ ಇತ್ತು ಸವಿತಾ" ಎಂದು ಎಷ್ಟೋ ದಿನದ ಮೇಲೆ ನನಗೆ ಹೇಳಿದರು. "ಯಾರಿಗೂ ಆಫ್ ಮಾಡ್ಬೇಕು ಅಂತ ಹೊಳೀಲಿಲ್ಲ. ಬ್ಯಾಟ್ರಿ ನೋಡುದ್ರೆ ಇನ್ನೂ ಮುಕ್ಕಾಲು ಅದೆ."

ಆ ಸೋಮವಾರ ಮಧ್ಯಾಹ್ನವೇ ತೆರಕಣಾಂಬಿಯ ಹೊಲದಲ್ಲಿ, ಅವರ ಪದ್ಧತಿಯಂತೆ ಗೌರಮ್ಮನವರನ್ನು ಕೂರಿಸಿ ಮಣ್ಣು ಮಾಡಿದರು. ಕಾರ್ಖಾನೆಯಿಂದ ನಾವು ಐದು ಜನ ಹೋಗಿದ್ದೆವು.

ಇಲ್ಲಿಂದ ಮುಂದಿನದೇ ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು. ಜೂನ್ ಎರಡನೆಯ ವಾರ ಸರ್ ಅವರ ಅಣ್ಣ ಪುಟ್ಟಬಸಪ್ಪನವರು ನನ್ನನ್ನು ಕೇಳಿಕೊಂಡು ಆಫೀಸಿಗೆ ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಕೂರಲು ಹೇಳಿದರೂ ನಿಂತೇ ಇದ್ದರು.

"ಕಾರು ಕೊಡ್ಸ್ದೋಳು ನೀನೇಯಾ ತಾಯಿ? ಅದ್ನ ವಾಪಸ್ ತಕಂಡ್ಬುಡು."

ನಮ್ಮ ಕಡೆ ಒಂದು ನಂಬಿಕೆಯಿದೆ. ಸಾವು ಕೆಟ್ಟ ನಕ್ಷತ್ರದಲ್ಲಾದರೆ, ಜೀವ ಹೋದ ಮನೆಯನ್ನು ಇಷ್ಟು ತಿಂಗಳೆಂದು ಬಿಡುತ್ತಾರೆ. ಬಾಗಿಲಿಗೆ ಬೀಗ ಹಾಕಿ ಬೇರೆಡೆ ಇರುತ್ತಾರೆ. ಈಗಲೂ ಹಾಗೆ ಮುಚ್ಚಿದ ಮನೆಗಳು ಊರೂರಲ್ಲಿ ಕಾಣುತ್ತವೆ. ಗೌರಮ್ಮನವರು ಹೋದ ನಕ್ಷತ್ರ ಒಳ್ಳೆಯದಲ್ಲವೆಂದು ಅಯ್ನೋರು, ಅಂದರೆ ಅವರ ಮನೆತನದ ಗುರುಗಳು, ಹೇಳಿದ್ದರು. ಆದರೆ ಜೀವ ಹೋದದ್ದು ಮನೆಯಲ್ಲಲ್ಲ, ಕಾರಿನಲ್ಲಿ.

"ಮನೆಯಾದ್ರೆ ಬೀಗ ಆಕ್ಬುಡ್ಬೋದು. ಗಾಡಿಗೆ ಏನ್ ಮಾಡದು? ಮಾರ್ಬುಡು ಅಂದ್ರೆ ಅವ್ನು ಬಾಯೇ ಬುಡಲ್ಲ" ಎಂದರು ಪುಟ್ಟಬಸಪ್ಪನವರು. ಅವಧಿಗೆ ಮೊದಲೇ ವಾಪಸ್ ಕೊಟ್ಟರೆ ಕಟ್ಟಬೇಕಾದ ಶುಲ್ಕದ ವಿಷಯ ನಾನು ಹೇಳಿದೆ. ತಾವೇ ಕಟ್ಟುವುದಾಗಿ ಹೇಳಿದರು. ಅಧಿಕಾರಿಯ ಸಹಿ ಇಲ್ಲದೆ ಆಗುವುದಿಲ್ಲ ಎಂದೆ. ಆಗ ಅವರು ಕೂತರು. ಟವೆಲಿನಿಂದ ಮುಖ ಒರೆಸಿಕೊಂಡರು.

"ನಕ್ಷತ್ರ ಗಿಕ್ಷತ್ರ ಅತ್ಲಾಗಿರ್ಲಿ ಕಣವ್ವ. ಅವ್ನು ದಿನಾ ಸಂಜೆ ಆ ಗಾಡಿ ಒಳ್ಗೆ ಓಗಿ ಕೂತ್ಕತಾನೆ. ಬಾಗ್ಲಾಕ್ಕಂಡು. ಆ ಮಷಿನ್ ಚಾಲೂ ಮಾಡ್ಕಂಡು. ಮೂಗಿಗೆ ಆಕ್ಕಳಲ್ಲ, ಸುಮ್ನೆ ಓಡುಸ್ತಾನೆ. ಊಟಕ್ಕೆ ಕರುದ್ರೂ ಬರಲ್ಲ. ನಾನು ಅಣ್ಣ, ಎಂಗೆ ನೋಡ್ಕಂಡಿರ್ಲಿ?"

ಟೀ ತರಿಸಿದೆ. ಅವರು ಮುಟ್ಟಲಿಲ್ಲ.

ಮಾರನೆಯ ದಿನ ಸರ್ ನನ್ನ ಟೇಬಲ್ಲಿಗೆ ಬಂದರು. ಅಣ್ಣ ಬಂದುಹೋದದ್ದು ಗೊತ್ತಾಗಿತ್ತು. ದನಿ ಏರಿಸದೆ ಕೇಳಿದರು: "ಲೀಸ್ ಗಾಡೀನ ಮಧ್ಯದಲ್ಲಿ ವಾಪಸ್ ಕೊಡಕ್ಕಾಗಲ್ಲ ಅಂತ ಒಂದು ಪತ್ರ ಬರ್ದುಕೊಡಮ್ಮ. ಮನೇಲಿ ತೋರುಸ್ಬೇಕು."

"ಸರ್, ಶುಲ್ಕ ಕಟ್ಟಿದ್ರೆ ಕೊಡಬಹುದು. ಆಗಲ್ಲ ಅಂತ ಬರೆಯೋಕೆ ಬರಲ್ಲ."

"ನಂಗೊತ್ತು" ಎಂದರು. "ಅವ್ರಿಗೆ ಗೊತ್ತಿಲ್ವಲ್ಲ."

ಸುಳ್ಳು ಪತ್ರ ಬರೆಯುವುದು ನನ್ನಿಂದಾಗದ ಕೆಲಸ. ಅಣ್ಣನ ಮುಖವೂ ಕಣ್ಣ ಮುಂದಿತ್ತು. ಆ ಕಾರು ಇವರಿಗೆ ಒಳ್ಳೆಯದು ಮಾಡುತ್ತಿದೆಯೋ ಕೆಟ್ಟದ್ದೋ ತೀರ್ಮಾನಿಸಲು ನಾನು ಯಾರು ಎಂದೂ ಅನ್ನಿಸಿತು. ಕೊನೆಗೆ, ಭಾನುವಾರ ನಾನೇ ಮನೆಗೆ ಬಂದು ನಿಯಮ ಏನಿದೆಯೋ ಅದನ್ನು ಇಬ್ಬರ ಮುಂದೆಯೂ ಹೇಳುತ್ತೇನೆ ಎಂದೆ. ಸರ್ ತಲೆಯಾಡಿಸಿ ಎದ್ದು ಹೋದರು.

ಭಾನುವಾರ ಹೋದಾಗ ಅಯ್ನೋರೂ ಬಂದಿದ್ದರು. ಜಗಲಿಯ ಮೇಲೆ ಮೂರು ಜನ, ನಾನೊಬ್ಬಳು. ಒಪ್ಪಂದದ ಪ್ರತಿ ತೆಗೆದು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಶುಲ್ಕ ಕಟ್ಟಿದರೆ ವಾಪಸ್ ಕೊಡಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಸರ್ ನೆಲ ನೋಡುತ್ತಿದ್ದರು.

ಮಾರುವುದಾದರೆ ಎಂದು ಪುಟ್ಟಬಸಪ್ಪನವರು ಮತ್ತೆ ಎತ್ತಿದರು. ಮಾರಲು ಬರುವುದಿಲ್ಲ, ಆರ್.ಸಿ. ಸರ್ ಹೆಸರಲ್ಲಿಲ್ಲ ಎಂದೆ.

"ಮತ್ತ್ಯಾರ ಹೆಸ್ರಲ್ಲದೆ?" ಎಂದು ಕೇಳಿದವರು ಅಯ್ನೋರು.

"ಲೀಸಿಂಗ್ ಕಂಪನಿ ಹೆಸರಲ್ಲಿ. ಗಾಡಿ ಅವರದು. ಸರ್ ಬರೀ ಓಡಿಸ್ತಾರೆ."

ಅಯ್ನೋರು ಪುಟ್ಟಬಸಪ್ಪನವರ ಕಡೆ ತಿರುಗಿದರು. "ಏನಯ್ಯ, ಇದ್ನ ಮೊದ್ಲೇ ಹೇಳ್ಬಾರ್ದಾ? ಬಸ್ಸಲ್ಲಿ ಜೀವ ಹೋದ್ರೆ ಬಸ್ಸಿಗೆ ಬೀಗ ಹಾಕ್ತಾರಾ? ತಮ್ಮದಲ್ಲದ ಗಾಡಿಗೆ ಮನೆಯೋರು ದೋಷ ಹೊರಕಾಗಲ್ಲ."

"ಅಂಗಾರೆ ಕಂಪ್ನಿಯೋರಿಗೆ?"

"ಕಂಪ್ನಿಗೆ ನಕ್ಷತ್ರ ಎಲ್ಲದೆ ಬುಡಪ್ಪ" ಎಂದರು ಅಯ್ನೋರು. ಸರ್ ತುಟಿಯ ಮೇಲೆ ಏನೋ ಸುಳಿಯಿತು. ಒಂದು ತಿಂಗಳಲ್ಲಿ ನಾನು ಕಂಡ ಮೊದಲ ನಗು, ನಗು ಎನ್ನಬಹುದಾದರೆ.

ಅಯ್ನೋರು ಮಜ್ಜಿಗೆ ಕುಡಿದು ಹೊರಟರು. ಪುಟ್ಟಬಸಪ್ಪನವರು ಮಾತ್ರ ಹಗುರಾಗಲಿಲ್ಲ. ತಮ್ಮನ ಎದುರು ನಿಂತು, "ನಕ್ಷತ್ರದ್ದು ಮುಗೀತು ಕಣ್ಲಾ. ನಂದು ಮುಗಿದಿಲ್ಲ. ಸಂಜೆ ಅದ್ರಲ್ಲಿ ಕೂರದ್ನ ಬುಡ್ತೀಯಾ?" ಎಂದರು.

ಸರ್ ಇಲ್ಲ ಎಂದು ತಲೆಯಾಡಿಸಿದರು.

"ಸರಿ. ಅಂಗಾರೆ ನಾನೂ ಬತ್ತೀನಿ. ನಾನೂ ಕೂತ್ಕತೀನಿ. ಎದ್ದಾಗ ಇಬ್ರೂ ಉಣ್ಣನ."

ಹಾಗೆಯೇ ಆಯಿತು. ಪುಟ್ಟಬಸಪ್ಪನವರು ದಿನಾ ಸಂಜೆಯ ಬಸ್ಸಿಗೆ ತೆರಕಣಾಂಬಿಯಿಂದ ಬರತೊಡಗಿದರು. ಅಣ್ಣ ತಮ್ಮ ಇಬ್ಬರೂ ಹಿಂದಿನ ಸೀಟಿನಲ್ಲಿ, ಮಧ್ಯೆ ಮಷಿನ್. ಮಾತು ಇರುತ್ತಿರಲಿಲ್ಲವಂತೆ. ಅಷ್ಟು ಹೊತ್ತು ಕಾಲು ಮಡಚಿ ಕೂರಲು ಅಣ್ಣನಿಗೆ ಮಂಡಿನೋವು. ಅದಕ್ಕಾಗಿ ತಮ್ಮ ಬೇಗ ಏಳುತ್ತಿದ್ದರಂತೆ. ಜುಲೈ ಕೊನೆಗೆ ಮಷಿನನ್ನು ಸರ್ ತಾವೇ ಗುಂಡ್ಲುಪೇಟೆಯ ಇನ್ನೊಬ್ಬ ರೋಗಿಯ ಮನೆಗೆ ಕೊಟ್ಟು ಬಂದರು.

ಅದೇ ವಾರ ಅವರು ನನ್ನ ಬಳಿ ಬಂದು, ಕಾರು ಇನ್ನೆಷ್ಟು ತಿಂಗಳು ಇರುತ್ತದೆ ಎಂದು ಕೇಳಿದರು. ನಲವತ್ತೆರಡು ಎಂದೆ. ಆಮೇಲೆ ಬೆಲೆ ಕೊಟ್ಟು ಇಟ್ಟುಕೊಳ್ಳಲೂಬಹುದು, ಈಗಲೇ ಬರೆದು ಕೊಟ್ಟರೆ ಮುಂದೆ ಸುಲಭ ಎಂದು ಸೇರಿಸಿದೆ. ನನಗೆ ಅದು ಸಮಾಧಾನದ ಮಾತು ಎನಿಸಿತ್ತು.

"ಬೇಡಮ್ಮ. ನನ್ನ ಹೆಸ್ರಿಗೆ ಬಂದ್ರೆ ನಾನು ಬಿಡಲ್ಲ. ಅವತ್ತು ಕಂಪ್ನಿಯೋರೇ ಬಂದು ತಕೊಂಡೋಗ್ಲಿ."

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನಿಯಮವನ್ನು ಬರೆದವರು ಯಾವುದೋ ಕಾರಣಕ್ಕೆ ಬರೆದಿರುತ್ತಾರೆ. ಓದಿ ಹೇಳುವ ನಾವು ಅದನ್ನು ಪೂರ್ತಿಯಾಗಿ, ಬಗ್ಗಿಸದೆ, ಎಲ್ಲರೆದುರು ಹೇಳಬೇಕು. ಯಾವ ಸಾಲು ಯಾರಿಗೆ ಆಸರೆಯಾಗುತ್ತದೆಂದು ಮೊದಲೇ ಹೇಳಲಾಗದು. ಆದರೆ ಆಸರೆಗೂ ಅವಧಿ ಇರುತ್ತದೆ. ಆ ಲೀಸ್ ಮುಗಿಯುವುದು 2028ರ ಜನವರಿಯಲ್ಲಿ. ಮೂರು ತಿಂಗಳು ಮುಂಚೆ ಅಧಿಕಾರಿಗೆ ಒಂದು ಪತ್ರ ಹೋಗಬೇಕು, ವಾಹನವನ್ನು ಶುಚಿಗೊಳಿಸಿ ಒಪ್ಪಿಸಲು ಸಿದ್ಧವಾಗಿರಿ ಎಂದು. ಈ ಕುರ್ಚಿಯಲ್ಲೇ ಇದ್ದರೆ ಅದನ್ನು ಕಳಿಸಬೇಕಾದವಳು ನಾನು.